ಹೊಗೆ ನಿಯಮಗಳು ಮತ್ತು ಎಂಜಿನ್ನಿನ ಬಾಳಿಕೆ: ವರ್ತಕರು ಗಮನಿಸಬೇಕಾದ ಲೆಕ್ಕ

ವ್ಯಾಪಾರಸ್ಥರ ಲೆಕ್ಕಪತ್ರಗಳಲ್ಲಿ 'ವಾಹನ ದುರಸ್ತಿ ಮತ್ತು ನಿರ್ವಹಣೆ' ಎಂಬುದು ಬಹುಕಾಲ ಯಾರ ಗಮನವನ್ನೂ ಸೆಳೆಯದ ಸಣ್ಣ ಬಾಬತ್ತಾಗಿತ್ತು. 2020ರ ನಂತರ ಖರೀದಿಸಿದ ಡೀಸೆಲ್ ವಾಹನಗಳ ಮಟ್ಟಿಗೆ ಈ ಮಾತನ್ನು ಹೇಳುವಂತಿಲ್ಲ. ನನ್ನ ಕಕ್ಷಿದಾರರಾದ ಸಗಟು ವರ್ತಕರೊಬ್ಬರು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಗೋದಾಮಿಗೆ ಓಡಾಡಲು ಡೀಸೆಲ್ ಕಾರು ಕೊಂಡಿದ್ದರು. ದಿನದ ಓಟ ಎಂಟು-ಹತ್ತು ಕಿಲೋಮೀಟರಿಗಿಂತ ಹೆಚ್ಚಿರಲಿಲ್ಲ. ಎರಡು ವರ್ಷಗಳೊಳಗೆ ಎಚ್ಚರಿಕೆಯ ದೀಪ ಪದೇ ಪದೇ ಹೊತ್ತಿಕೊಳ್ಳತೊಡಗಿತು. ಗ್ಯಾರೇಜಿನವರೊಬ್ಬರು, 'ಫಿಲ್ಟರನ್ನೇ ತೆಗೆದುಹಾಕಿ ಎಂಜಿನ್ನನ್ನು ಹೊಸದಾಗಿ ಟ್ಯೂನ್ ಮಾಡಿಕೊಡುತ್ತೇವೆ' ಎಂದರಂತೆ. 'ಆ ಖರ್ಚನ್ನು ದುರಸ್ತಿ ಖಾತೆಗೆ ಹಾಕಬಹುದೇ?' ಎಂಬುದು ಕಕ್ಷಿದಾರರು ನನಗೆ ಕೇಳಿದ ಪ್ರಶ್ನೆ. ಅದಕ್ಕೆ ಉತ್ತರಿಸುವ ಮುನ್ನ ಎಂಜಿನ್ನಿನಲ್ಲಿ ಆಗಿರುವ ಬದಲಾವಣೆಯನ್ನು ಅರಿಯುವುದು ಅವಶ್ಯಕ.

ನಿಯಮಗಳಲ್ಲಿ ಬದಲಾದದ್ದೇನು?

ನಮ್ಮ ದೇಶವು ಭಾರತ್ ಸ್ಟೇಜ್ ನಾಲ್ಕರಿಂದ ಐದನೆಯ ಹಂತವನ್ನು ಬಿಟ್ಟು ನೇರವಾಗಿ ಆರಕ್ಕೆ ಜಿಗಿಯಿತು. 2020ರ ಏಪ್ರಿಲ್ 1ರಿಂದ ನಾಲ್ಕನೆಯ ಹಂತದ ವಾಹನಗಳನ್ನು ಮಾರುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಡೀಸೆಲ್ ಕಾರು ಕಿಲೋಮೀಟರಿಗೆ ಹೊರಹಾಕಬಹುದಾದ ನೈಟ್ರೋಜನ್ ಆಕ್ಸೈಡಿನ ಮಿತಿಯು 250 ಮಿಲಿಗ್ರಾಂನಿಂದ 80ಕ್ಕೂ, ಮಸಿಯ ಕಣಗಳ ಮಿತಿಯು 25 ಮಿಲಿಗ್ರಾಂನಿಂದ 4.5ಕ್ಕೂ ಇಳಿಯಿತು. ಇಂಧನದಲ್ಲಿರುವ ಗಂಧಕದ ಪ್ರಮಾಣವನ್ನು ಹತ್ತು ಲಕ್ಷ ಭಾಗಗಳಲ್ಲಿ 50ರಿಂದ 10ಕ್ಕೆ ಇಳಿಸಲಾಯಿತು.

ಪೆಟ್ರೋಲ್ ಕಾರುಗಳಿಗೆ ಈ ಬದಲಾವಣೆ ಅಷ್ಟಾಗಿ ಭಾರವಾಗಲಿಲ್ಲ. ಡೀಸೆಲ್ ಕಾರುಗಳಿಗಾದರೋ ಹೊಸ ಉಪಕರಣಗಳನ್ನೇ ಜೋಡಿಸಬೇಕಾಯಿತು. ದೇಶದ ಅತಿ ದೊಡ್ಡ ಕಾರು ತಯಾರಕ ಸಂಸ್ಥೆಯಾದ ಮಾರುತಿ ಸುಜುಕಿಯು ಡೀಸೆಲ್ ಕಾರುಗಳನ್ನು ಕೈಬಿಡುವುದಾಗಿ 2019ರ ಏಪ್ರಿಲ್‌ನಲ್ಲಿಯೇ ಪ್ರಕಟಿಸಿದ್ದು ಇಲ್ಲಿ ಸ್ಮರಣೀಯ.

ತೊಂದರೆಯ ಮೂಲ

ನಿಯಮಗಳಿಂದಾಗಿ ಎಂಜಿನ್ನುಗಳು ದುರ್ಬಲವಾದವು ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ವಾಸ್ತವದಲ್ಲಿ ಹೊಸ ದೂರುಗಳು ಬಹುಮಟ್ಟಿಗೆ ಹೊಗೆಯನ್ನು ಶುದ್ಧೀಕರಿಸುವ ಉಪಕರಣಗಳಿಗೆ ಸಂಬಂಧಿಸಿದವು. ಇವುಗಳಲ್ಲಿ ಮುಖ್ಯವಾದುದು ಡಿಪಿಎಫ್ ಎಂದು ಕರೆಯಲಾಗುವ ಮಸಿಯ ಫಿಲ್ಟರ್. ಜೇನುಗೂಡಿನಂತಹ ರಂಧ್ರಗಳಿರುವ ಈ ಪಿಂಗಾಣಿಯ ಫಿಲ್ಟರ್ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಾಕಷ್ಟು ಮಸಿ ಶೇಖರವಾದಾಗ ಎಂಜಿನ್ನಿನ ಕಂಪ್ಯೂಟರ್ ಹೆಚ್ಚುವರಿ ಡೀಸೆಲನ್ನು ಸಿಂಪಡಿಸಿ, ಫಿಲ್ಟರಿನ ಉಷ್ಣತೆಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ, ಮಸಿಯನ್ನು ಸುಟ್ಟುಹಾಕುತ್ತದೆ.

ಹೆದ್ದಾರಿಯಲ್ಲಿ ಓಡುವ ಕಾರಿನಲ್ಲಿ ಈ ಕ್ರಿಯೆ ಚಾಲಕನ ಅರಿವಿಗೇ ಬಾರದಂತೆ ಮುಗಿಯುತ್ತದೆ. ಆದರೆ ನಾಲ್ಕು ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ಅದು ಪೂರ್ಣಗೊಳ್ಳುವುದಿಲ್ಲ. ಮಸಿ ಹಾಗೆಯೇ ಉಳಿಯುತ್ತದೆ. ಉರಿಯದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಎಂಜಿನ್ ಆಯಿಲಿನೊಡನೆ ಬೆರೆತು ಅದನ್ನು ತೆಳುವಾಗಿಸುತ್ತದೆ. ಆಯಿಲಿನ ಮಟ್ಟ ತಗ್ಗುವ ಬದಲು ಏರುತ್ತಿದ್ದರೆ ಅದನ್ನು ಅಪಾಯದ ಸೂಚನೆಯೆಂದು ತಿಳಿಯಬೇಕು. ಹಾಗಾಗಿ ಒಂದೇ ಮಾದರಿಯ ಎರಡು ಕಾರುಗಳಲ್ಲಿ ಒಂದು ನಿರಾತಂಕವಾಗಿ ಓಡಿ, ಇನ್ನೊಂದು ಮೇಲಿಂದ ಮೇಲೆ ಗ್ಯಾರೇಜು ಸೇರುವುದು ಆಶ್ಚರ್ಯವಲ್ಲ. ಬಳಕೆಯ ಕ್ರಮವೇ ಬಾಳಿಕೆಯನ್ನು ನಿರ್ಧರಿಸುತ್ತದೆ.

'ಟ್ಯೂನಿಂಗ್' ಎಂಬ ಆಕರ್ಷಣೆ

ಹಿಂದೆ ಟ್ಯೂನಿಂಗ್ ಎಂದರೆ ಅನುಭವಿ ಮೆಕ್ಯಾನಿಕ್ ಕಾರ್ಬ್ಯುರೇಟರಿನ ತಿರುಪನ್ನು ಕಿವಿಯ ಅಂದಾಜಿನಿಂದ ತಿರುಗಿಸುವುದಾಗಿತ್ತು. ಇಂದು ಅದು ಕಂಪ್ಯೂಟರಿನ ತಂತ್ರಾಂಶವನ್ನು ತಿದ್ದುವ ಕೆಲಸವಾಗಿದೆ. ಶಕ್ತಿ ಹೆಚ್ಚಿಸಲೆಂದು ಇಂಧನವನ್ನು ಹೆಚ್ಚಿಸಿದರೆ ಮಸಿಯೂ ಹೆಚ್ಚಬಹುದು. ಆಗ ಫಿಲ್ಟರ್ ಮತ್ತಷ್ಟು ಬೇಗ ಕಟ್ಟಿಕೊಳ್ಳುತ್ತದೆ. ಅದನ್ನೂ ತೆಗೆಯಿರಿ ಎಂಬುದು ಮುಂದಿನ ಸಲಹೆ.

ತಂತ್ರಾಂಶದ ಮೂಲಕ ಹೊಗೆಯ ನಿಯಮವನ್ನು ವಂಚಿಸಿದ ಬಹುದೊಡ್ಡ ಪ್ರಕರಣ 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಸಂಸ್ಥೆಯದು. ಪರೀಕ್ಷೆಯ ವೇಳೆ ಶುದ್ಧವಾಗಿದ್ದು ರಸ್ತೆಯಲ್ಲಿ ಹೊಗೆ ಉಗುಳುವಂತಹ ತಂತ್ರಾಂಶವು ವಿಶ್ವದಾದ್ಯಂತ ಸುಮಾರು 1.1 ಕೋಟಿ ವಾಹನಗಳಲ್ಲಿತ್ತೆಂದು ಆ ಸಂಸ್ಥೆಯೇ ಒಪ್ಪಿಕೊಂಡಿತು. ಪ್ರಯೋಗಾಲಯದ ಪರೀಕ್ಷೆಯೊಂದೇ ಸಾಲದೆಂಬುದು ಇದರಿಂದ ಸ್ಪಷ್ಟವಾಯಿತು. ನಮ್ಮಲ್ಲಿಯೂ 2023ರ ಏಪ್ರಿಲ್‌ನಿಂದ ಹೊಸ ಕಾರುಗಳ ಮಾದರಿಗಳು ನೈಜ ರಸ್ತೆಯ ಮೇಲಿನ ಓಟದಲ್ಲಿಯೂ ಮಿತಿಗೆ ಒಳಪಟ್ಟಿರಬೇಕಾಗಿದೆ.

ಕಾನೂನು ಮತ್ತು ತೆರಿಗೆ

ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸುವ ಮಾಲೀಕನಿಗೆ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನನ್ವಯ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಇವೆರಡೂ ಉಂಟು. ಕಾನೂನು ನಿಷೇಧಿಸಿದ ಉದ್ದೇಶಕ್ಕೆ ಮಾಡಿದ ವೆಚ್ಚವನ್ನು ಆದಾಯ ತೆರಿಗೆ ಕಾಯ್ದೆಯು ವ್ಯಾಪಾರದ ವೆಚ್ಚವೆಂದು ಮಾನ್ಯ ಮಾಡುವುದಿಲ್ಲ. ಆದುದರಿಂದ ನನ್ನ ಕಕ್ಷಿದಾರರಿಗೆ ನಾನಿತ್ತ ಉತ್ತರ: 'ಹಾಕುವಂತಿಲ್ಲ, ಆ ಕೆಲಸವನ್ನು ಮಾಡಿಸಲೂಬಾರದು.'

ಮತ್ತೊಂದು ಅಂಶ. ಚಾಲಕನೂ ಸೇರಿ ಹದಿಮೂರು ಆಸನಗಳವರೆಗಿನ ಪ್ರಯಾಣಿಕ ವಾಹನವನ್ನು ಸ್ವಂತ ಓಡಾಟಕ್ಕೆ ಬಳಸುವ ಸಾಮಾನ್ಯ ವರ್ತಕರಿಗೆ, ಅದರ ಖರೀದಿಯ ಮೇಲಿನ ಹಾಗೂ ದುರಸ್ತಿಯ ಮೇಲಿನ ಜಿಎಸ್‌ಟಿಗೆ ಇನ್‌ಪುಟ್ ತೆರಿಗೆ ಕ್ರೆಡಿಟ್ ದೊರೆಯದು. ಅಂದರೆ ದುಬಾರಿ ಫಿಲ್ಟರಿನ ಮೇಲಿನ ತೆರಿಗೆಯೂ ಪೂರ್ಣವಾಗಿ ತಮ್ಮದೇ ಹೊರೆ.

ಸದಸ್ಯರ ಗಮನಕ್ಕೆ

1. ದಿನದ ಓಟ ಅಲ್ಪವಾಗಿದ್ದು ಊರೊಳಗೇ ಇದ್ದರೆ ಡೀಸೆಲ್ ವಾಹನ ಬೇಡ. ಪೆಟ್ರೋಲ್, ಸಿಎನ್‌ಜಿ ಅಥವಾ ವಿದ್ಯುತ್ ವಾಹನವನ್ನು ಪರಿಶೀಲಿಸಿರಿ.

2. ಈಗಾಗಲೇ ಡೀಸೆಲ್ ಕಾರು ಇದ್ದಲ್ಲಿ ಆಗಾಗ್ಗೆ ಹೆದ್ದಾರಿಯಲ್ಲಿ ಸಮವೇಗದಲ್ಲಿ ಓಡಿಸಿರಿ. ವೇಗ ಮತ್ತು ಅವಧಿಯನ್ನು ಮಾಲೀಕರ ಕೈಪಿಡಿಯಿಂದ ತಿಳಿಯಿರಿ.

3. ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯ ಆಯಿಲನ್ನೇ ಬಳಸಿರಿ. ಆಯಿಲಿನಿಂದ ಬರುವ ಬೂದಿಯು ಮಸಿಯಂತೆ ಸುಟ್ಟುಹೋಗದೆ ಫಿಲ್ಟರಿನಲ್ಲಿಯೇ ಉಳಿಯುವುದರಿಂದ, ಕಡಿಮೆ ಬೂದಿಯ ಆಯಿಲ್ ಅಗತ್ಯ.

4. ಎಚ್ಚರಿಕೆಯ ದೀಪ ಹೊತ್ತಿದರೆ ವಿಳಂಬ ಸಲ್ಲದು. ಸರ್ವೀಸ್ ಬಿಲ್ಲುಗಳನ್ನು ವಾರಂಟಿಯ ಸಲುವಾಗಿ ಕಾಯ್ದಿರಿಸಿರಿ.

ನನ್ನ ಕಕ್ಷಿದಾರರು ಅಧಿಕೃತ ಸೇವಾ ಕೇಂದ್ರದಲ್ಲಿ ಫಿಲ್ಟರನ್ನು ಶುದ್ಧಗೊಳಿಸಿಕೊಂಡು, ಆ ಕಾರನ್ನು ಊರೂರು ತಿರುಗುವ ವಸೂಲಿಯ ಕೆಲಸಕ್ಕೆ ಬಿಟ್ಟರು. ಅಂಗಡಿಗೆ ಸಣ್ಣ ಪೆಟ್ರೋಲ್ ಕಾರು ಬಂದಿತು. ಡೀಸೆಲ್ ಕಾರಿನ ದೀಪ ಅನಂತರ ಹೊತ್ತಿಲ್ಲವೆಂದು ತಿಳಿಸಿದ್ದಾರೆ. ವಾಹನ ಕೊಳ್ಳುವಾಗ ಬೆಲೆ ಮತ್ತು ಮೈಲೇಜುಗಳ ಜೊತೆಗೆ ತಮ್ಮ ಓಟದ ಲೆಕ್ಕವನ್ನೂ ಹಾಕುವ ವರ್ತಕರಿಗೆ ಈ ನಿಯಮಗಳು ಹೊರೆಯೆನಿಸಲಾರವು.