ಪದಪಟ್ಟಿಗಿಂತ ಮೊದಲು ವಾಕ್ಯ

ಎಂಜಿನಿಯರಿಂಗ್ ಪದವಿಯ ಕಡೆಯ ವರ್ಷಕ್ಕೆ ಕಾಲಿಟ್ಟು, ಅಮೆರಿಕದ ಯಾವುದಾದರೊಂದು ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್. ಮಾಡಬೇಕೆಂಬ ಹಂಬಲವನ್ನು ಕಟ್ಟಿಕೊಂಡಿರುವ ನಮ್ಮ ನಾಡಿನ ತರುಣ ತರುಣಿಯರು, ಜಿ.ಆರ್.ಇ. ಪರೀಕ್ಷೆಯ ಹೆಸರನ್ನೆತ್ತಿದಾಗ ಗಣಿತಕ್ಕೆ ಅಂಜುವುದು ವಿರಳ, ಪಿ.ಯು.ಸಿ.ಯಲ್ಲಿಯೂ ಸಿ.ಇ.ಟಿ.ಗಾಗಿಯೂ ಅವರು ಬಿಡಿಸಿರುವ ಲೆಕ್ಕಗಳ ಮುಂದೆ ಅಲ್ಲಿನ ಲೆಕ್ಕಗಳು ಅಷ್ಟೇನೂ ಭಾರವೆನಿಸುವುದಿಲ್ಲ. ಅವರ ನಿದ್ದೆಗೆಡಿಸುವುದು ವರ್ಬಲ್ ಎಂದು ಕರೆಯಲ್ಪಡುವ ಇಂಗ್ಲಿಷ್ ವಿಭಾಗ. ಹುಬ್ಬಳ್ಳಿಯ ಕಡೆಯಿಂದಲೋ ಹಾಸನದ ಕಡೆಯಿಂದಲೋ ಬಂದು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗಂತೂ ಈ ಭಯ ಇಮ್ಮಡಿಯಾಗಿರುತ್ತದೆ. ಇದಕ್ಕೆ ಆಧಾರವಿರುವುದೆಲ್ಲಿ, ಇಲ್ಲದಿರುವುದೆಲ್ಲಿ ಎಂಬುದನ್ನು ಸಾವಧಾನವಾಗಿ ನೋಡುವುದು ಅವಶ್ಯಕ. ಏಕೆಂದರೆ ಭಯವು ಸಲ್ಲದ ಕಡೆಗೆ ತಿರುಗಿಕೊಂಡರೆ ಸಿದ್ಧತೆಯೂ ಅದರ ಬೆನ್ನುಹತ್ತಿ ಹೋಗುತ್ತದೆ.

ಸಿದ್ಧತೆ ಸಾಮಾನ್ಯವಾಗಿ ಆರಂಭವಾಗುವುದು ಪದಪಟ್ಟಿಯಿಂದ. ಸೀನಿಯರುಗಳು ಬಿಟ್ಟುಹೋದ ದಪ್ಪ ಪುಸ್ತಕವೊಂದು ಹಾಸ್ಟೆಲಿನ ಕೋಣೆಯಿಂದ ಕೋಣೆಗೆ ಕೈದಾಟುತ್ತದೆ. ಇಲ್ಲವಾದರೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಲ್ಲಿ ಚೌಕಾಸಿ ಮಾಡಿ ಕೊಂಡುತಂದದ್ದಾಗುತ್ತದೆ. ಅಂಥ ಪುಸ್ತಕವನ್ನು ತೆರೆದು ನೋಡಿದರೆ, ಅಬೇಸ್, ಅಬ್ಯಾಷ್, ಅಬೇಟ್ ಎಂದು ತೊಡಗುವ ಮೊದಲ ಹಾಳೆಗಳು ಕೆಂಪು ಶಾಯಿಯ ಗೆರೆಗಳಿಂದಲೂ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಕನ್ನಡದ ಅರ್ಥಗಳಿಂದಲೂ ತುಂಬಿಹೋಗಿರುತ್ತವೆ. ಅಕಾರಾದಿಯ ನಡುಭಾಗಕ್ಕೆ ಬರುವಷ್ಟರಲ್ಲಿ ಗೆರೆಗಳು ವಿರಳವಾಗಿ, ಕಡೆಯ ಹಾಳೆಗಳು ಅಚ್ಚಿನ ಮನೆಯಿಂದ ಬಂದ ದಿನದಂತೆಯೇ ಶುಭ್ರವಾಗಿ ಉಳಿದಿರುತ್ತವೆ. ಒಬ್ಬೊಬ್ಬ ವಿದ್ಯಾರ್ಥಿಯ ಉತ್ಸಾಹ ಎಲ್ಲಿ ಬತ್ತಿತೆಂಬುದನ್ನು ಆ ಪುಸ್ತಕವೇ ಹೇಳುತ್ತದೆ. ಇಂದು ಮೊಬೈಲಿನ ಫ್ಲ್ಯಾಷ್ ಕಾರ್ಡುಗಳು ಆ ಪುಸ್ತಕದ ಸ್ಥಾನಕ್ಕೆ ಬಂದಿರಬಹುದಾದರೂ ಬಾಯಿಪಾಠದ ಕ್ರಮ ಬದಲಾಗಿಲ್ಲ.

ಈ ಕ್ರಮ ಸುಮ್ಮನೆ ಹುಟ್ಟಿದ್ದಲ್ಲ, ಅದಕ್ಕೊಂದು ಚರಿತ್ರೆಯಿದೆ. ಈ ಪರೀಕ್ಷೆಯು 1936ರಲ್ಲಿ ಕಾರ್ನೆಗಿ ಪ್ರತಿಷ್ಠಾನದ ಆಶ್ರಯದಲ್ಲಿ, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯ ಎಂಬ ನಾಲ್ಕು ವಿಶ್ವವಿದ್ಯಾನಿಲಯಗಳ ಸಹಕಾರದಿಂದ ಪ್ರಯೋಗರೂಪವಾಗಿ ಪ್ರಾರಂಭವಾಯಿತು. 1947ರಲ್ಲಿ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಎಂಬ ಸಂಸ್ಥೆ ಸ್ಥಾಪಿತವಾದ ತರುವಾಯ ಅದರ ಆಡಳಿತಕ್ಕೆ ಒಳಪಟ್ಟಿತು. 2011ರವರೆಗೂ ಇಂಗ್ಲಿಷ್ ವಿಭಾಗದಲ್ಲಿ ವಿರುದ್ಧಪದಗಳೂ, ಒಂದು ಪದದ್ವಯದ ಸಂಬಂಧವನ್ನು ಇನ್ನೊಂದರಲ್ಲಿ ಗುರುತಿಸತಕ್ಕ ಅನಾಲಜಿಗಳೂ ಇದ್ದವು. ಹಿಂದುಮುಂದಿಲ್ಲದೆ ಏಕಾಕಿಯಾಗಿ ನಿಂತ ಪದಕ್ಕೆ ವಿರೋಧಾರ್ಥವನ್ನು ಆರಿಸಬೇಕಾಗಿದ್ದಾಗ, ಆ ಪದ ಗೊತ್ತಿದ್ದವನಿಗೆ ಅಂಕ, ಗೊತ್ತಿಲ್ಲದವನಿಗೆ ಶೂನ್ಯ. ಮೂರೂವರೆ ಸಾವಿರ ಪದಗಳ ಬ್ಯಾರನ್ಸ್ ಪಟ್ಟಿಯನ್ನು ಗಟ್ಟಿಮಾಡುವುದು ಅಂದು ನ್ಯಾಯವಾದ ಮಾರ್ಗವೇ ಆಗಿತ್ತು. ಆದರೆ 2011ರ ಆಗಸ್ಟಿನಲ್ಲಿ ಆ ಎರಡು ಬಗೆಯ ಪ್ರಶ್ನೆಗಳನ್ನೂ ತೆಗೆದುಹಾಕಿ, ಪದವನ್ನು ವಾಕ್ಯದೊಳಗೆ ಇಟ್ಟೇ ಪರೀಕ್ಷಿಸತಕ್ಕದ್ದೆಂಬ ನಿಯಮಕ್ಕೆ ಬಂದರು. ಪರೀಕ್ಷೆ ಬದಲಾಗಿ ಇಷ್ಟು ವರ್ಷಗಳಾದರೂ ನಮ್ಮ ಹುಡುಗರ ಬಾಯಿಪಾಠ ಮಾತ್ರ ಹಿಂದಿನ ಪರೀಕ್ಷೆಗೇ ಸಲ್ಲುತ್ತಿರುವುದು ವ್ಯಥೆಯ ಸಂಗತಿ.

2023ರ ಸೆಪ್ಟೆಂಬರಿನಿಂದ ಈಚೆಗೆ ಪರೀಕ್ಷೆಯ ಒಟ್ಟು ಕಾಲವನ್ನು 1 ಗಂಟೆ 58 ನಿಮಿಷಗಳಿಗೆ ಇಳಿಸಿದ್ದಾರೆ. ಇಂಗ್ಲಿಷಿನ ಪಾಲಿಗೆ ಎರಡು ಭಾಗಗಳು: ಮೊದಲನೆಯದರಲ್ಲಿ 12 ಪ್ರಶ್ನೆಗಳಿಗೆ 18 ನಿಮಿಷ, ಎರಡನೆಯದರಲ್ಲಿ 15 ಪ್ರಶ್ನೆಗಳಿಗೆ 23 ನಿಮಿಷ. ಮೊದಲ ಭಾಗದಲ್ಲಿ ಅಭ್ಯರ್ಥಿ ತೋರಿದ ಸಾಮರ್ಥ್ಯವನ್ನು ಅನುಸರಿಸಿ ಎರಡನೆಯ ಭಾಗದ ಕಾಠಿಣ್ಯ ನಿರ್ಧಾರವಾಗುತ್ತದೆ. ಅಂಕಗಳು 130ರಿಂದ 170ರವರೆಗೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಪ್ರಶ್ನೆಗಳಲ್ಲಿ ಸುಮಾರು ಅರ್ಧದಷ್ಟು, ಕೊಟ್ಟ ಪ್ಯಾಸೇಜನ್ನು ಓದಿ ಉತ್ತರಿಸತಕ್ಕವು. ಉಳಿದವು ವಾಕ್ಯದಲ್ಲಿ ಬಿಟ್ಟ ಸ್ಥಳವನ್ನು ತುಂಬತಕ್ಕವು.

ಬಿಟ್ಟ ಸ್ಥಳವೆಂದೊಡನೆ ನಮಗೆ ಪ್ರಾಥಮಿಕ ಶಾಲೆಯ ಪ್ರಶ್ನೆಪತ್ರಿಕೆ ನೆನಪಾಗುವುದು ಸಹಜ; ಇದರ ಸ್ವರೂಪವೇ ಬೇರೆ. ಕನ್ನಡದಲ್ಲಿಯೇ ಅಂಥದೊಂದು ವಾಕ್ಯವನ್ನು ಕಲ್ಪಿಸಿಕೊಂಡರೆ ಮರ್ಮ ತಿಳಿದೀತು. "ಆ ವಿಮರ್ಶಕನ ಬರವಣಿಗೆ ಮೇಲ್ನೋಟಕ್ಕೆ ಕಠೋರವೆಂದು ತೋರಿದರೂ, ಆತನ ಕಾಗದಪತ್ರಗಳನ್ನು ಓದಿದವರಿಗೆ, ಕಿರಿಯ ಲೇಖಕರ ವಿಷಯದಲ್ಲಿ ಆತ ಎಷ್ಟು ——ನಾಗಿದ್ದನೆಂಬುದು ವಿಶದವಾಗುತ್ತದೆ." ಕೊಟ್ಟಿರುವ ಪದಗಳು ಐದು: ನಿಷ್ಠುರ, ವಿದ್ಯಾವಂತ, ವತ್ಸಲ, ಪ್ರಸಿದ್ಧ, ನಿರ್ಲಿಪ್ತ. ಮೊದಲರ್ಧವನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡವನು 'ನಿಷ್ಠುರ'ಕ್ಕೆ ಮರುಳಾಗುತ್ತಾನೆ. ವಿಮರ್ಶಕರೆಂದರೆ ವಿದ್ಯಾವಂತರು, ಪ್ರಸಿದ್ಧರು ಎಂದು ತನ್ನ ಲೋಕಜ್ಞಾನವನ್ನು ವಾಕ್ಯದೊಳಕ್ಕೆ ತಂದವನು ಆ ಎರಡರಲ್ಲಿ ಒಂದನ್ನು ಹಿಡಿಯುತ್ತಾನೆ. 'ನಿರ್ಲಿಪ್ತ'ವು ಕಠೋರಕ್ಕಿಂತ ಭಿನ್ನವೆಂಬುದು ನಿಜ, ಆದರೆ ವಿರೋಧವಲ್ಲ. 'ತೋರಿದರೂ' ಎಂಬ ಕ್ರಿಯಾಪದದ ಕೊನೆಯಲ್ಲಿ ಕುಳಿತಿರುವ ಪ್ರತ್ಯಯವು ವಾಕ್ಯವನ್ನು ಎತ್ತ ತಿರುಗಿಸುತ್ತಿದೆಯೆಂಬುದನ್ನು ಕಂಡವನು, ಪಟ್ಟಿಯನ್ನು ನೋಡುವ ಮೊದಲೇ 'ಮೃದುವಾಗಿದ್ದನು' ಎಂದು ತನ್ನದೇ ಮಾತಿನಿಂದ ಸ್ಥಳವನ್ನು ತುಂಬಿಕೊಂಡು, ಅನಂತರ 'ವತ್ಸಲ'ವನ್ನು ಆರಿಸುತ್ತಾನೆ. ಇಂಗ್ಲಿಷಿನಲ್ಲಿ ಆಲ್ದೋ, ಡಿಸ್ಪೈಟ್, ಫಾರ್ ಫ್ರಮ್ ಮುಂತಾದವು ಮಾಡುವ ಕಾರ್ಯವೂ ಇದೇ. ಅವುಗಳ ಪಟ್ಟಿ ಮಾಡಿ ಉಪಯೋಗವಿಲ್ಲ. ಓದುವಾಗ ಅವುಗಳ ಬಳಿ ನಿಲ್ಲುವ ಅಭ್ಯಾಸವಾಗಬೇಕು.

ಎರಡು ಮೂರು ಸ್ಥಳಗಳು ಬಿಟ್ಟಿರುವ ಪ್ರಶ್ನೆಯಲ್ಲಿ ಎಲ್ಲವೂ ಸರಿಯಾದ ಹೊರತು ಅಂಕವಿಲ್ಲ. ಅಲ್ಲಿ ಮೊದಲ ಸ್ಥಳದಿಂದಲೇ ತೊಡಗಬೇಕೆಂಬ ಕಟ್ಟುಪಾಡೇನೂ ಇಲ್ಲ. ಯಾವ ಸ್ಥಳಕ್ಕೆ ವಾಕ್ಯದ ಆಧಾರ ದೃಢವಾಗಿದೆಯೋ ಅಲ್ಲಿಂದ ತೊಡಗುವುದು ವಿವೇಕ. ಆರು ಪದಗಳಲ್ಲಿ ಸಮಾನಾರ್ಥವನ್ನು ಉಂಟುಮಾಡುವ ಎರಡನ್ನು ಆರಿಸಬೇಕಾದ ಸೆಂಟೆನ್ಸ್ ಈಕ್ವಿವಲೆನ್ಸ್ ಪ್ರಶ್ನೆಗಳಲ್ಲಿ ಬೇರೊಂದು ಬಗೆಯ ಬಲೆಯಿರುತ್ತದೆ: ಪರಸ್ಪರ ಪರ್ಯಾಯಗಳಾಗಿದ್ದರೂ ವಾಕ್ಯಕ್ಕೆ ಒಗ್ಗದ ಜೋಡಿ ಒಂದು, ವಾಕ್ಯಕ್ಕೆ ಒಗ್ಗಿದರೂ ಜೊತೆಯಿಲ್ಲದ ಒಂಟಿಪದ ಮತ್ತೊಂದು. ನಮ್ಮ ಹಿಂದಿನವರು ಅಮರಕೋಶವನ್ನು ಕಂಠಸ್ಥ ಮಾಡುತ್ತಿದ್ದರೆಂಬುದನ್ನು ಬಾಯಿಪಾಠದ ಸಮರ್ಥನೆಗಾಗಿ ಉದಾಹರಿಸುವವರುಂಟು. ಆದರೆ ಅವರು ಕೋಶದ ಜೊತೆಗೇ ಕಾವ್ಯಪಾಠವನ್ನೂ ಕೇಳುತ್ತಿದ್ದರೆಂಬುದನ್ನು ಮರೆಯಬಾರದು. ಪರ್ಯಾಯಪದಗಳೆಷ್ಟಿವೆಯೆಂಬುದನ್ನು ಕೋಶ ಹೇಳಿದರೆ, ಯಾವ ಪದ ಎಲ್ಲಿ ಸಲ್ಲುತ್ತದೆಂಬುದನ್ನು ರಘುವಂಶವೋ ಕುಮಾರಸಂಭವವೋ ಕಲಿಸುತ್ತಿತ್ತು. ಇಂದಿನ ಅಭ್ಯರ್ಥಿ ಕೋಶವನ್ನು ಇಟ್ಟುಕೊಂಡು ಕಾವ್ಯವನ್ನು ಕೈಬಿಟ್ಟಿದ್ದಾನೆ.

ಹಾಗೆಂದು ಪದಸಂಪತ್ತು ಬೇಡವೆಂದಲ್ಲ. ಬೇಕು, ಯಥೇಷ್ಟವಾಗಿ ಬೇಕು. ಅದನ್ನು ಗಳಿಸುವಾಗ ಸಂಸ್ಕೃತ ವ್ಯಾಕರಣದ ಅಲ್ಪಪರಿಚಯವುಳ್ಳ ಕನ್ನಡ ವಿದ್ಯಾರ್ಥಿಗೆ ಒಂದು ಅನುಕೂಲವಿದೆ. ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ ಎಂದು ಒಂದೇ ಧಾತುವನ್ನು ಉಪಸರ್ಗಗಳು ಬೇರೆ ಬೇರೆ ಅರ್ಥಗಳಿಗೆ ಎಳೆದೊಯ್ಯುವುದನ್ನು ಬಾಲ್ಯದಲ್ಲಿಯೇ ಕಂಡವನಿಗೆ, ನೋಡುವುದೆಂಬ ಅರ್ಥದ ಲ್ಯಾಟಿನ್ ಮೂಲವೊಂದರಿಂದ ಇನ್‌ಸ್ಪೆಕ್ಟ್, ಸರ್ಕಮ್‌ಸ್ಪೆಕ್ಟ್, ರೆಟ್ರೋಸ್ಪೆಕ್ಟ್ ಮುಂತಾದವು ಕವಲೊಡೆದಿರುವುದು ಅಪರಿಚಿತವೆನಿಸುವುದಿಲ್ಲ. ಆದರೂ ಮೂಲವನ್ನು ಅತಿಯಾಗಿ ನಂಬಿದರೆ ಅಪಾಯವುಂಟು: ಎನರ್ವೇಟ್ ಎಂಬುದು ನರಗಳಿಗೆ ಚೈತನ್ಯ ಕೊಡುವ ಪದದಂತೆ ಕೇಳಿಸಿದರೂ ಅದರ ಅರ್ಥ ದುರ್ಬಲಗೊಳಿಸುವುದು, ನಾಯ್ಸಮ್ ಎಂಬುದಕ್ಕೂ ಗದ್ದಲಕ್ಕೂ ಸಂಬಂಧವಿಲ್ಲ, ಅದು ದುರ್ಗಂಧವನ್ನು ಸೂಚಿಸತಕ್ಕದ್ದು. ಪರೀಕ್ಷಕರಿಗೆ ಅಪೂರ್ವಪದಗಳಿಗಿಂತಲೂ ಪರಿಚಿತಪದಗಳ ಅಪರಿಚಿತ ಅರ್ಥಗಳಲ್ಲಿ ಹೆಚ್ಚಿನ ಪ್ರೀತಿ. ಬ್ಯಾಂಕಿನಲ್ಲಿ ಸಾಲ ಸ್ಯಾಂಕ್ಷನ್ ಆಯಿತೆಂದು ನಮ್ಮ ಹಳ್ಳಿಯವರೂ ಹೇಳುತ್ತಾರೆ. ಅದೇ ಪದ ದಂಡನೆ ಎಂಬ ಅರ್ಥದಲ್ಲಿಯೂ ಬಳಕೆಯಲ್ಲಿದೆಯೆಂಬುದು ಓದಿನ ಬಲದಿಂದ ಮಾತ್ರ ತಿಳಿಯುವಂಥದು. ಕ್ವಾಲಿಫೈ ಎಂಬುದಕ್ಕೆ ಒಂದು ಹೇಳಿಕೆಯನ್ನು ಮಿತಿಗೊಳಿಸುವುದೆಂಬ ಅರ್ಥವಿದೆಯೆಂದು ಅರಿಯದವನು, ಲೇಖಕನ ಧೋರಣೆಯನ್ನು ಕೇಳುವ ಪ್ರಶ್ನೆಯಲ್ಲಿ ಎಡವುವುದು ನಿಶ್ಚಯ.

ನನ್ನ ದೃಷ್ಟಿಯಲ್ಲಿ ಈ ಪರೀಕ್ಷೆಯ ಸಾರವಿರುವುದು ಪ್ಯಾಸೇಜುಗಳಲ್ಲಿ. ಭೌತಶಾಸ್ತ್ರ, ಜೀವಶಾಸ್ತ್ರ, ಸಮಾಜಶಾಸ್ತ್ರ, ಕಲೆ, ಸಾಹಿತ್ಯ ಯಾವುದರಿಂದಲಾದರೂ ಅವನ್ನು ಆಯ್ದಿರಬಹುದು. ಆದರೆ ಉತ್ತರಕ್ಕೆ ಬೇಕಾದದ್ದೆಲ್ಲ ಅಲ್ಲಿಯೇ ಇರುತ್ತದೆ. ಉದಾಹರಣೆಗೆ ಹೀಗೊಂದು ಪ್ಯಾಸೇಜು ಬಂದಿತೆನ್ನೋಣ: ಖಂಡಗಳು ಚಲಿಸುತ್ತವೆಂದು 1912ರಲ್ಲಿ ಪ್ರತಿಪಾದಿಸಿದ ಆಲ್‌ಫ್ರೆಡ್ ವೆಗೆನರನನ್ನು ಅಂದಿನ ಅನೇಕ ಭೂವಿಜ್ಞಾನಿಗಳು ಒಪ್ಪದೆಹೋದದ್ದು ಕೇವಲ ಹಟದಿಂದಲ್ಲ, ಅಷ್ಟು ದೊಡ್ಡ ಭೂಭಾಗಗಳನ್ನು ಸರಿಸತಕ್ಕ ಬಲ ಯಾವುದೆಂಬುದನ್ನು ಆತ ಸಮರ್ಪಕವಾಗಿ ತೋರಿಸಲಾರದೆಹೋದದ್ದರಿಂದ ಎಂದು ಲೇಖಕನು ವಾದಿಸುತ್ತಿದ್ದಾನೆ. ಪ್ಯಾಸೇಜಿನ ಮುಖ್ಯ ಉದ್ದೇಶವೇನೆಂದು ಪ್ರಶ್ನೆ. "ವೆಗೆನರನ ಸಿದ್ಧಾಂತವು ಮುಂದೆ ಸತ್ಯವೆಂದು ಸಿದ್ಧವಾಯಿತೆಂದು ತೋರಿಸುವುದು" ಎಂಬ ಆಯ್ಕೆ ಚರಿತ್ರೆಯ ದೃಷ್ಟಿಯಿಂದ ಅಸತ್ಯವಲ್ಲ, ಆದರೆ ಈ ಲೇಖಕನು ಹೇಳಹೊರಟದ್ದು ಅದಲ್ಲ. "ವಿಜ್ಞಾನಿಗಳು ಹೊಸ ವಿಚಾರಗಳನ್ನು ಸದಾ ವಿರೋಧಿಸುತ್ತಾರೆಂದು ಸ್ಥಾಪಿಸುವುದು" ಎಂಬುದರಲ್ಲಿ 'ಸದಾ' ಎಂಬೊಂದು ಮಾತೇ ಆ ಆಯ್ಕೆಯನ್ನು ಕೆಡಿಸುತ್ತದೆ. "ಒಂದು ತಿರಸ್ಕಾರಕ್ಕೆ ರೂಢಿಯಲ್ಲಿರುವ ಕಾರಣವನ್ನು ತಿದ್ದುವುದು" ಎಂಬ ಸಪ್ಪೆಯಾಗಿ ಕಾಣುವ ಆಯ್ಕೆಯೇ ಸರಿಯುತ್ತರ. ವಿಷಯವನ್ನು ಮೊದಲೇ ಬಲ್ಲವರು ಇಲ್ಲಿ ತಪ್ಪುವ ಸಂಭವ ಹೆಚ್ಚು. ಅವರು ಎದುರಿಗಿರುವ ಪುಟಕ್ಕೆ ಬದಲಾಗಿ ತಮ್ಮ ತಿಳಿವಳಿಕೆಯನ್ನೇ ಓದಿಕೊಳ್ಳುತ್ತಾರೆ. ಇನ್ನೊಬ್ಬನು ಹೇಳಿದ್ದನ್ನು ಅವನು ಹೇಳಿದಷ್ಟೇ ಗ್ರಹಿಸುವುದು ಪರೀಕ್ಷೆಯ ಉಪಾಯವೆಂದು ನಾನು ಭಾವಿಸಿಲ್ಲ. ಅದು ವಿದ್ಯೆಯ ಪ್ರಥಮ ಸಂಸ್ಕಾರ.

ಈ ಸಂಸ್ಕಾರಕ್ಕೆ ಇಂಗ್ಲಿಷೇ ಬೇಕೆಂದೇನಿದೆ? ಕನ್ನಡದಲ್ಲಿ ಗಂಭೀರವಾದ ಗದ್ಯವನ್ನು ಓದಿ, ಕ್ರಿಯಾಪದ ಬರುವವರೆಗೂ ಅರ್ಥವನ್ನು ತಡೆಹಿಡಿದು ನಡೆಯುವ ಸಹನೆಯನ್ನು ಪಡೆದವನು ಅರ್ಧದಾರಿಯನ್ನು ಕ್ರಮಿಸಿದಂತೆಯೇ ಸರಿ. ಬಿ.ಎಂ. ಶ್ರೀಕಂಠಯ್ಯನವರೂ, ಎ.ಎನ್. ಮೂರ್ತಿರಾಯರೂ, ವಿ.ಕೃ. ಗೋಕಾಕರೂ ವೃತ್ತಿಯಿಂದ ಇಂಗ್ಲಿಷಿನ ಅಧ್ಯಾಪಕರು. ಅವರಲ್ಲಿ ಒಂದು ಭಾಷೆಯ ಓದು ಇನ್ನೊಂದಕ್ಕೆ ಅಡ್ಡಿಯಾಗಲಿಲ್ಲ. ಕನ್ನಡ ಮಾಧ್ಯಮದಿಂದ ಬಂದವರಿಗೆ ನಾನು ಹೇಳುವ ಸಾಧನೆ ಇದು: ದಿನಕ್ಕೆ ಒಂದು ಇಂಗ್ಲಿಷ್ ಲೇಖನ, ಅದು ವಿಜ್ಞಾನದ ಪತ್ರಿಕೆಯದಾಗಲಿ, ಸಾಹಿತ್ಯವಿಮರ್ಶೆಯಾಗಲಿ, ನಿಮಗೆ ರುಚಿಸದ ವಿಷಯವಾದರೆ ಇನ್ನೂ ಉತ್ತಮ, ಅದನ್ನು ಪೂರ್ತಿಯಾಗಿ ಓದಿ, ಪತ್ರಿಕೆಯನ್ನು ಮಡಿಸಿಟ್ಟು, ಲೇಖಕ ಹೇಳಿದ್ದೇನು, ಯಾರಿಗೆ ಉತ್ತರವಾಗಿ ಹೇಳಿದ ಎಂಬುದನ್ನು ಎರಡು ಕನ್ನಡ ವಾಕ್ಯಗಳಲ್ಲಿ ಬರೆಯಿರಿ. ಬರೆಯಲು ಬಾರದಿದ್ದರೆ ಅರ್ಥವಾಗಿಲ್ಲವೆಂದೇ ತಿಳಿಯತಕ್ಕದ್ದು. ಓದುವಾಗ ಎದುರಾದ ಹೊಸ ಪದವನ್ನು ಅದು ಬಂದ ವಾಕ್ಯದ ಸಮೇತ ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಳ್ಳಿ. ಇದು ಎರಡು ತಿಂಗಳ ಕ್ರ್ಯಾಷ್ ಕೋರ್ಸಿನಲ್ಲಿ ಕೈಗೂಡುವಂಥದಲ್ಲ. ಪದವಿಯ ಮೂರನೆಯ ವರ್ಷದಲ್ಲಿಯೇ ತೊಡಗಿದರೆ ಕ್ಷೇಮ.

ಪ್ರಬಂಧರಚನೆಯ ಭಾಗದಲ್ಲಿ ಈಗ ಉಳಿದಿರುವುದು ಒಂದೇ ಪ್ರಶ್ನೆ, ಕಾಲ 30 ನಿಮಿಷ. ಅದಕ್ಕೆ ಬರಬಹುದಾದ ವಿಷಯಗಳನ್ನೆಲ್ಲ ಸಂಸ್ಥೆಯೇ ಮುಂಚಿತವಾಗಿ ಪ್ರಕಟಿಸಿದೆಯಾದ್ದರಿಂದ ಅದರ ವಿಷಯದಲ್ಲಿ ಆತಂಕ ಪಡಬೇಕಾದದ್ದಿಲ್ಲ. ತನ್ನ ಪಕ್ಷವನ್ನು ಸ್ಪಷ್ಟವಾಗಿ ಹೇಳಿ, ಎದುರುಪಕ್ಷದ ಬಲವನ್ನು ಒಪ್ಪಿಕೊಂಡೂ ತನ್ನದನ್ನು ನಿಲ್ಲಿಸಬಲ್ಲವನಿಗೆ ಅದು ಕಷ್ಟವಾಗದು.

2020ರ ಮಹಾಮಾರಿಯ ತರುವಾಯ ಅಮೆರಿಕದ ಅನೇಕ ವಿಭಾಗಗಳು ಈ ಪರೀಕ್ಷೆಯನ್ನು ಐಚ್ಛಿಕಗೊಳಿಸಿವೆ. ಕೆಲವು ಕೇಳುವುದನ್ನೇ ಬಿಟ್ಟಿವೆ. ಆದ್ದರಿಂದ ತಾವು ಸೇರಬಯಸುವ ವಿಭಾಗಕ್ಕೆ ಅದು ಬೇಕೇ ಎಂಬುದನ್ನು ಆಯಾ ವಿಶ್ವವಿದ್ಯಾನಿಲಯದ ಪ್ರಕಟಣೆಯಿಂದ ಖಚಿತಪಡಿಸಿಕೊಂಡೇ ಹಣ ಕಟ್ಟುವುದು ಮೇಲು. ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಡಾಲರಿನ ಲೆಕ್ಕದ ಶುಲ್ಕ ಸಣ್ಣ ಮೊತ್ತವಲ್ಲ. ಬೇಕೆಂದು ತೀರ್ಮಾನಿಸಿದವರು ಸಂಸ್ಥೆಯು ಉಚಿತವಾಗಿ ಒದಗಿಸುವ ಪವರ್‌ಪ್ರೆಪ್ ಮಾದರಿ ಪರೀಕ್ಷೆಗಳನ್ನು ಪರೀಕ್ಷೆಗೆ ಹತ್ತಿರದ ದಿನಗಳಿಗಾಗಿ ಮೀಸಲಿಡಲಿ. ತಪ್ಪಾದ ಒಂದೊಂದು ಉತ್ತರದ ಎದುರಿಗೂ, ಪದ ತಿಳಿಯದೆ ತಪ್ಪಿತೇ, ವಾಕ್ಯದ ತಿರುವನ್ನು ಕಾಣದೆ ತಪ್ಪಿತೇ, ಲೇಖಕ ಹೇಳದ್ದನ್ನು ಹೇಳಿದನೆಂದು ಭಾವಿಸಿ ತಪ್ಪಿತೇ ಎಂದು ಬರೆದಿಡಲಿ. ಪರೀಕ್ಷೆಯಲ್ಲಿ ಅಪೇಕ್ಷಿಸಿದ ಅಂಕ ಬಾರದಿದ್ದರೆ 21 ದಿನಗಳ ಅಂತರದ ಮೇಲೆ ಪುನಃ ಕುಳಿತುಕೊಳ್ಳಲು ಅವಕಾಶವಿದೆ; ಆದರೆ ಆ ಬರಹದಲ್ಲಿ ಎರಡನೆಯ, ಮೂರನೆಯ ಬಗೆಯ ತಪ್ಪುಗಳೇ ತುಂಬಿದ್ದರೆ, ಮೂರು ವಾರಗಳ ತರಾತುರಿಯಲ್ಲಿ ಇನ್ನೊಂದು ಪದಪಟ್ಟಿಯನ್ನು ಉರುಹಚ್ಚದೆ, ಮುಂದಿನ ತಾರೀಖನ್ನು ಕೆಲವು ತಿಂಗಳು ಮುಂದೂಡಿ ಓದಿಗೆ ಕುಳಿತುಕೊಳ್ಳುವುದೇ ಸರಿಯಾದ ಕ್ರಮ.