ನುಡಿಪಲ್ಲಟ ಮತ್ತು ಮನಸ್ಸಿನ ಅಳಲು: ಸದಾಶಿವಗಡ ಪರಿಸರದ ಒಂದು ವಿವೇಚನೆ

ಕಾಳಿ ನದಿ ಕಡಲನ್ನು ಸೇರುವಲ್ಲಿ ಉತ್ತರ ದಡಕ್ಕೆ ಸದಾಶಿವಗಡ, ದಕ್ಷಿಣ ದಡಕ್ಕೆ ಜಿಲ್ಲಾಕೇಂದ್ರವಾದ ಕಾರವಾರ. ಗಡದ ಬುಡದ ಮನೆಗಳಲ್ಲಿ ಬಹುಮಟ್ಟಿಗೆ ಕೊಂಕಣಿ. ಶಾಲೆ, ಕಚೇರಿ, ಆಸ್ಪತ್ರೆಗಳಲ್ಲಿ ಕನ್ನಡ. ಹಳೆಯ ತಲೆಮಾರಿನ ಭಜನೆ, ಓದುಗಳಲ್ಲಿ ಮರಾಠಿ. ಒಂದೇ ಮಾತುಕತೆಯಲ್ಲಿ ಒಂದು ನುಡಿಯಿಂದ ಇನ್ನೊಂದಕ್ಕೆ ದಾಟುವ ಕ್ರಮವನ್ನು ಇಲ್ಲಿ ನುಡಿಪಲ್ಲಟವೆಂದು ಕರೆಯಲಾಗಿದೆ. ಈ ದಾಟುವಿಕೆಗೂ ಮಾನಸಿಕ ಆರೋಗ್ಯಕ್ಕೂ ಇರುವ ಸಂಬಂಧವನ್ನು ಜಾನಪದದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನುಡಿಪಲ್ಲಟವು ಭಾಷಾದಾರಿದ್ರ್ಯದ ಲಕ್ಷಣವೆಂಬ ಗ್ರಹಿಕೆ ಇಂದಿಗೂ ಉಳಿದಿದೆ. ಇದು ಸರಿಯಲ್ಲ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಸಾಂಗಲಿ ಜಿಲ್ಲೆಯ ಕುಪವಾಡದ ಅಧ್ಯಯನವು, ಕನ್ನಡ, ಮರಾಠಿ, ಉರ್ದುಗಳು ತಲೆಮಾರುಗಳ ಕಾಲ ಜೊತೆಗೆ ಬದುಕಿ ವ್ಯಾಕರಣದಲ್ಲಿ ಪರಸ್ಪರ ಹತ್ತಿರವಾದುದನ್ನೂ, ಮನೆಮಾತುಗಳು ಬೇರೆಬೇರೆಯಾಗಿಯೇ ಉಳಿದುದನ್ನೂ ತೋರಿಸಿತು. ಹಲವು ನುಡಿಗಳ ನಡುವೆ ಬಾಳುವುದು ಒಂದು ಸಾಮಾಜಿಕ ಕೌಶಲ. ಅದು ತನ್ನಷ್ಟಕ್ಕೆ ಮನಸ್ಸನ್ನು ಕೆಡಿಸುವುದಿಲ್ಲ.

ಭಾರವಿರುವುದು ಬೇರೆಡೆ. ಉತ್ತರ ಕನ್ನಡವು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆ ಬಳಿಕ ಕಾರವಾರ ಗಡಿವಿವಾದದಲ್ಲಿ ಸಿಲುಕಿತು. ಕೊಂಕಣಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿದ್ದು 1992ರಲ್ಲಿ. ಹೀಗಾಗಿ ‘ನಿಮ್ಮ ಭಾಷೆ ಯಾವುದು?’ ಎಂಬ ಪ್ರಶ್ನೆಯಲ್ಲಿ ನಿಷ್ಠೆಯ ಪರೀಕ್ಷೆಯೂ ಅಡಗಿದೆ. ತರಗತಿಯಲ್ಲಿ ಮನೆಮಾತು ಬಾಯಿಗೆ ಬಂದಾಗ ನಕ್ಕರೆಂಬ ನೆನಪು ಹಲವರಲ್ಲಿದೆ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಮನೆಮಾತು ಕನ್ನಡವೇ ಆದರೂ ಅವರೂ ಪಠ್ಯಪುಸ್ತಕದ ಕನ್ನಡಕ್ಕೆ ದಾಟಲೇಬೇಕು. ಮನಸ್ಸನ್ನು ಕುಗ್ಗಿಸುವುದು ನುಡಿಬೆರಕೆಯಲ್ಲ, ಅದಕ್ಕೆ ಅಂಟಿಸಿದ ನಾಚಿಕೆ.

ಇನ್ನೊಂದು ತೊಡಕು ಅರ್ಥದ್ದು. ಕೊಂಕಣಿಯಲ್ಲಿ ‘ಜಿವಾಕ ಬರೆಂ ನಾ’ ಎಂದರೆ ಮೈ ಹುಷಾರಿಲ್ಲ ಎಂದಷ್ಟೇ. ಕನ್ನಡದ ಕಿವಿಗೆ ಅದು ಜೀವಕ್ಕೇ ಕುತ್ತೆಂಬಂತೆ ಕೇಳಿಸಬಹುದು. ‘ಕಾಳೀಜ’ ಎಂದರೆ ಹೃದಯ. ಕನ್ನಡದವರು ಅದನ್ನು ಕಾಳಜಿಯೆಂದು ತಿಳಿಯಬಹುದು. ‘ಅವಸರ’ ಕನ್ನಡಿಗರಿಗೆ ತರಾತುರಿ. ಕೊಂಕಣ ಪಟ್ಟಿಯಲ್ಲಿ ಮೈಮೇಲೆ ದೈವ ಬರುವುದು. ಅವಸರ ಬಂತೆಂದು ಹೇಳಿದವಳ ಮುಂದೆ ‘ಆತುರಪಡಬೇಡಿ’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಕ್ಷೇತ್ರಕಾರ್ಯದಲ್ಲಿ ಕಡಲಿಗೆ ಹೋದ ಗಂಡ ಮರಳದ ಕಥೆಯನ್ನು ಒಬ್ಬ ಹಿರಿಯ ಹೆಂಗಸು ನನಗೆ ಕನ್ನಡದಲ್ಲಿಯೇ ಹೇಳುತ್ತಿದ್ದರು: ದೋಣಿ, ಗಾಳಿ, ದಿನ, ಪರಿಹಾರದ ಅರ್ಜಿ. ಹೆಣ ದಡಕ್ಕೆ ಬಂದ ಮಾತು ಬಂದೊಡನೆ ಕೊಂಕಣಿಗೆ ಹೊರಳಿದರು. ನಾನು ‘ಕನ್ನಡದಲ್ಲಿ ಹೇಳಿ ಅಮ್ಮಾ’ ಎಂದೆ. ಅವರು ಕಣ್ಣೊರೆಸಿಕೊಂಡು ಮತ್ತೆ ಅರ್ಜಿಯ ವಿಷಯಕ್ಕೆ ಹೋದರು. ಆ ತಪ್ಪು ನನ್ನದು. ಅನಂತರ ಎಷ್ಟು ಕೇಳಿದರೂ ಆ ಮಾತು ಮರಳಲಿಲ್ಲ.

ಬಾಲ್ಯದಲ್ಲಿ ಕಲಿತ ನುಡಿಯ ಗದರಿಕೆಗೆ ದೇಹವು ಹೆಚ್ಚು ತೀವ್ರವಾಗಿ ಸ್ಪಂದಿಸುವುದನ್ನು ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು 2003ರಲ್ಲಿ ತುರ್ಕಿ-ಇಂಗ್ಲಿಷ್ ದ್ವಿಭಾಷಿಕರಲ್ಲಿ ಗುರುತಿಸಿದರು. ಇದರ ಇನ್ನೊಂದು ಮುಖವೂ ಉಂಟು. ತಾಯ್ನುಡಿಯಲ್ಲಿ ಆಡಲಾಗದ ಲಜ್ಜೆಯ ಸಂಗತಿಯನ್ನು ಕಲಿತ ನುಡಿಯಲ್ಲಿ ಹೇಳಿ ಹಗುರಾಗುವವರಿದ್ದಾರೆ. ಜರ್ಮನ್ ತಾಯ್ನುಡಿಯ ರೋಗಿಯೊಬ್ಬಳು ಚಿಕಿತ್ಸೆಯಲ್ಲಿ ಆ ನುಡಿಯನ್ನೇ ದೂರವಿಟ್ಟುದನ್ನು ರಾಲ್ಫ್ ಗ್ರೀನ್‌ಸನ್ 1950ರಲ್ಲಿಯೇ ಚರ್ಚಿಸಿದ್ದರು. ಆದ್ದರಿಂದ ತಾಯ್ನುಡಿಯೊಂದೇ ಮದ್ದೆಂಬ ಸರಳ ಸೂತ್ರವೂ ಸಲ್ಲದು. ಎಲ್ಲಿ ನುಡಿ ಬದಲಾಯಿತು ಎಂಬುದೇ ಗಮನಿಸಬೇಕಾದ ಸುಳಿವು.

ಜನಪದರಿಗೆ ಇದು ಹೊಸತಲ್ಲ. ಕೊಂಕಣ ಪಟ್ಟಿಯ ದೇವಾಲಯಗಳಲ್ಲಿ ಕೌಲು ಬೇಡುವ ಮೊದಲು ಭಕ್ತನ ದೂರನ್ನು ‘ಗಾರಾಣೆ’ಯಾಗಿ ದೇವರ ಮುಂದೆ ಇಡುತ್ತಾರೆ. ಮೊದಲು ಅಳಲು ಆಡುನುಡಿಯಲ್ಲಿ ಪೂರ್ತಿ ಹೊರಬರಬೇಕು, ಉತ್ತರ ಆಮೇಲೆ. ಇದನ್ನು ಚಿಕಿತ್ಸೆಗೆ ಪರ್ಯಾಯವೆಂದು ಹೇಳುತ್ತಿಲ್ಲ; ಆಲಿಸುವ ಈ ಅನುಕ್ರಮ ಮಾತ್ರ ಅನುಕರಣೀಯ.

ಆಪ್ತಸಮಾಲೋಚಕರು ಗಮನಿಸಬೇಕಾದ ಅಂಶಗಳು ಇವು. ಯಾವ ನುಡಿಯಲ್ಲಿ ಮಾತನಾಡಲು ಇಷ್ಟವೆಂದು ಮೊದಲ ಭೇಟಿಯಲ್ಲಿಯೇ ಕೇಳಬೇಕು. ಉತ್ತರ ನಡುವೆ ಬದಲಾದರೂ ಒಪ್ಪಬೇಕು. ನುಡಿ ಹೊರಳಿದಾಗ ತಡೆಯಬಾರದು, ತಿದ್ದಬಾರದು. ಕೊಂಕಣಿ ಬಾರದಿದ್ದರೆ ಅದನ್ನು ಒಪ್ಪಿಕೊಂಡು, ‘ಮೊದಲು ನಿಮ್ಮ ಮಾತಿನಲ್ಲೇ ಹೇಳಿ, ಆಮೇಲೆ ಇಬ್ಬರೂ ಸೇರಿ ಕನ್ನಡದಲ್ಲಿ ನೋಡೋಣ’ ಎನ್ನಬಹುದು. ಪದದ ಅರ್ಥವನ್ನು ಊಹಿಸದೆ ಆಡಿದವರನ್ನೇ ಕೇಳಬೇಕು. ಮನೆಯವರನ್ನು ದುಭಾಷಿಗಳನ್ನಾಗಿಸುವುದು ತರವಲ್ಲ. ಅತ್ತೆಯ ಎದುರು ಸೊಸೆ ಬಾಯಿ ಬಿಡಲಾರಳು, ತಾಯಿಯ ದುಃಖವನ್ನು ಅನುವಾದಿಸುವ ಹೊರೆ ಮಗುವಿಗೆ ತಕ್ಕದ್ದಲ್ಲ.

2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯು ರೋಗಿಗೆ ತಿಳಿಯುವ ಭಾಷೆಯಲ್ಲಿ ಮಾಹಿತಿ ನೀಡಬೇಕೆಂದು ವಿಧಿಸಿದೆ. ಮಾಹಿತಿ ನೀಡುವಷ್ಟೇ ಮುಖ್ಯವಾದುದು ರೋಗಿಯ ಮಾತನ್ನು ಅವರ ನುಡಿಯಲ್ಲಿ ಕೇಳಿಸಿಕೊಳ್ಳುವುದು. ಅದಕ್ಕೆ ನೆರವಾಗುವಂತೆ ಕಾರವಾರ, ಅಂಕೋಲೆಗಳ ಆಡುನುಡಿಗಳಲ್ಲಿ ನೋವು, ಭಯ, ದಣಿವು, ದುಃಖಗಳನ್ನು ಸೂಚಿಸುವ ಪದಗಳನ್ನು ಸಂಗ್ರಹಿಸಿ ವೈದ್ಯರ ಕೈಗೆ ತಲುಪಿಸುವ ಕಾರ್ಯವನ್ನು ಜಾನಪದ ವಿದ್ವಾಂಸರು ಕೈಗೊಳ್ಳುವುದು ಅಗತ್ಯ.