ಸ್ವಚ್ಛ ವಾಹಿನಿಯ ಹಳೆಯ ಆಯಿಲ್ ಫಿಲ್ಟರ್: ಬಿಲ್ಲು ಅನುಮೋದಿಸುವ ಮುನ್ನ ನೋಡಬೇಕಾದದ್ದು

ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯ ಮುಂದೆ ಸ್ವಚ್ಛ ವಾಹಿನಿಯ ಸರ್ವಿಸ್ ಬಿಲ್ಲು ಮಂಡನೆಯಾದಾಗ ಅದರಲ್ಲಿ ‘ಆಯಿಲ್ ಫಿಲ್ಟರ್ - 1’ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೊತ್ತವು ಕೆಲವು ನೂರು ರೂಪಾಯಿಗಳಷ್ಟೇ ಆದುದರಿಂದ ಸದಸ್ಯರು ಅದನ್ನು ಕುರಿತು ಚರ್ಚಿಸುವುದು ವಿರಳ. ಆದರೆ ಆ ಸಣ್ಣ ಡಬ್ಬಿಯು ತನ್ನ ಕೆಲಸ ಮಾಡದೆ ಹೋದಲ್ಲಿ ಇಂಜಿನ್ನಿನ ಬೇರಿಂಗುಗಳು ಸವೆಯುತ್ತವೆ, ವಾಹನವು ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಲ್ಲುತ್ತದೆ, ದುರಸ್ತಿಯ ವೆಚ್ಚ ಹತ್ತಾರು ಸಾವಿರಕ್ಕೆ ಏರುತ್ತದೆ. ಅಷ್ಟು ದಿನ ಮನೆ ಮನೆಯ ಕಸ ಮರಳಿ ರಸ್ತೆ ಬದಿಗೆ ಬೀಳುತ್ತದೆ. ವಾಹನ ನಡೆಸುವ ಸ್ವಸಹಾಯ ಸಂಘದ ಮಹಿಳೆಗೆ ಕೆಲಸವೂ ಇರುವುದಿಲ್ಲ.

ಫಿಲ್ಟರ್ ಬದಲಾಯಿಸಿದ್ದಾರೆಯೇ, ಹಿಂದಿನ ಫಿಲ್ಟರ್ ತನ್ನ ಅವಧಿಯುದ್ದಕ್ಕೂ ಸರಿಯಾಗಿ ತಾಳಿಕೊಂಡಿತ್ತೇ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಕಳಚಿ ತೆಗೆದ ಹಳೆಯ ಫಿಲ್ಟರಿನಲ್ಲಿಯೇ ಇರುತ್ತದೆ. ಆದುದರಿಂದ ಹಳೆಯ ಫಿಲ್ಟರನ್ನು ಗ್ಯಾರೇಜಿನಲ್ಲಿ ಬಿಟ್ಟು ಬರದೆ, ತೈಲ ಬಸಿದು ಪಂಚಾಯತಿ ಕಚೇರಿಗೆ ತರಿಸುವುದು ಮೊದಲ ಹೆಜ್ಜೆ. ಹೊಸದನ್ನು ಕೂರಿಸುವಾಗ ಅದರ ಹೊರಮೈ ಮೇಲೆ ದಿನಾಂಕ ಮತ್ತು ಓಡಿದ ಕಿಲೋಮೀಟರನ್ನು ಅಳಿಯದ ಶಾಯಿಯ ಪೆನ್ನಿನಿಂದ ಬರೆದು, ಅದನ್ನೇ ಲಾಗ್ ಪುಸ್ತಕದಲ್ಲಿ ನಮೂದಿಸಿದರೆ ಮುಂದಿನ ಸರ್ವಿಸಿನಲ್ಲಿ ಹೊರಬಂದ ಡಬ್ಬಿ ಯಾವುದು ಎಂಬ ವಾದಕ್ಕೆ ಎಡೆಯಿರುವುದಿಲ್ಲ.

ಡೀಸೆಲ್ ಆಟೋ ಟಿಪ್ಪರುಗಳಲ್ಲಿ ಸಾಮಾನ್ಯವಾಗಿ ಕಾಣುವುದು ತಿರುಗಿಸಿ ಬಿಗಿಯುವ ಉಕ್ಕಿನ ಡಬ್ಬಿ. ಅದರೊಳಗೆ ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಮಡಚಿ ವೃತ್ತಾಕಾರದಲ್ಲಿ ಅಂಟಿಸಿದ ಸೋಸುಕಾಗದವಿದೆ. ತೈಲವು ಹೊರಸುತ್ತಿನಿಂದ ಕಾಗದದ ಮೂಲಕ ಹಾದು ನಡುವಿನ ರಂಧ್ರಗಳುಳ್ಳ ಕೊಳವೆಗೆ ಬಂದು ಇಂಜಿನ್ನಿಗೆ ಮರಳುತ್ತದೆ. ಇದರೊಂದಿಗೆ ಎರಡು ವಾಲ್ವುಗಳಿರುತ್ತವೆ. ಕಾಗದವು ಕಟ್ಟಿಕೊಂಡಾಗ ಅಥವಾ ಚಳಿಯಲ್ಲಿ ತೈಲ ಗಟ್ಟಿಯಾಗಿದ್ದಾಗ ಇಂಜಿನ್ನಿಗೆ ತೈಲವೇ ಇಲ್ಲದಂತಾಗಬಾರದೆಂದು ಬೈಪಾಸ್ ವಾಲ್ವ್ ತೆರೆದು ಸೋಸದ ತೈಲವನ್ನೇ ಬಿಡುತ್ತದೆ. ಕೆಲವು ಇಂಜಿನ್ನುಗಳಲ್ಲಿ ಇದು ಫಿಲ್ಟರಿನಲ್ಲಿರದೆ ಇಂಜಿನ್ನಿನಲ್ಲೇ ಇರುವುದುಂಟು. ಎರಡನೆಯದು ಇಂಜಿನ್ ನಿಂತಾಗ ಡಬ್ಬಿಯೊಳಗಿನ ತೈಲ ಹಿಂದಕ್ಕೆ ಇಳಿದುಹೋಗದಂತೆ ತಡೆಯುವ ರಬ್ಬರಿನ ಬಿಲ್ಲೆ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ನಿವಾರಿಸುವುದು ಒಳಿತು. ತೈಲ ಕಪ್ಪಾಗಿದೆ, ಆದ್ದರಿಂದ ಫಿಲ್ಟರ್ ಕಳಪೆ ಎಂಬ ಆಕ್ಷೇಪಣೆ ಸಭೆಗಳಲ್ಲಿ ಕೇಳಿಬರುವುದುಂಟು. ಡೀಸೆಲ್ ಉರಿದಾಗ ಹುಟ್ಟುವ ಮಸಿಯ ಕಣಗಳಲ್ಲಿ ಬಹುಪಾಲು ಒಂದು ಮೈಕ್ರಾನಿಗಿಂತಲೂ ಸಣ್ಣವು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಸಾಮಾನ್ಯ ಕಾಗದದ ಫಿಲ್ಟರ್ ಚೆನ್ನಾಗಿ ಹಿಡಿಯುವುದು ಸುಮಾರು 20ರಿಂದ 30 ಮೈಕ್ರಾನ್ ಮತ್ತು ಅದಕ್ಕೂ ದೊಡ್ಡ ಕಣಗಳನ್ನು. ಮನುಷ್ಯನ ತಲೆಗೂದಲಿನ ದಪ್ಪ ಸರಿಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ ಅಳತೆಯ ಅಂದಾಜು ಸಿಗುತ್ತದೆ. ಆದುದರಿಂದ ಉತ್ತಮ ಫಿಲ್ಟರ್ ಇದ್ದಾಗಲೂ ಡೀಸೆಲ್ ಇಂಜಿನ್ನಿನ ತೈಲ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಬಣ್ಣವನ್ನು ನೋಡಿ ಫಿಲ್ಟರಿನ ಮೇಲೆ ತೀರ್ಪು ನೀಡಲಾಗದು.

ಫಿಲ್ಟರನ್ನು ಬಿಚ್ಚುವ ಮುನ್ನ ಬಾಯಿ ಕೆಳಗಾಗಿ ಒಂದು ರಾತ್ರಿ ಬಸಿಯಲು ಇಡಬೇಕು. ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯುವುದು ಸುಲಭವೆಂದು ತೋರಿದರೂ ಅದು ಸಲ್ಲದು. ಕೊಯ್ದ ಉಕ್ಕಿನ ಪುಡಿ ಕಾಗದದ ಮೇಲೆ ಬಿದ್ದರೆ ಅದು ಇಂಜಿನ್ನಿನಿಂದ ಬಂದದ್ದೋ ಬ್ಲೇಡಿನಿಂದ ಬಂದದ್ದೋ ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಪೈಪು ಕತ್ತರಿಸುವ ಸಾಧನದಂತೆ ಚಕ್ರವನ್ನು ಒತ್ತಿ ತಿರುಗಿಸಿ ಕತ್ತರಿಸುವ ಫಿಲ್ಟರ್ ಕಟ್ಟರ್ ಪುಡಿ ಉದುರಿಸುವುದಿಲ್ಲ. ಇದನ್ನು ಮೆಕ್ಯಾನಿಕ್‌ನಿಂದಲೇ, ಕೈಗವಸು ಹಾಕಿಸಿ ಮಾಡಿಸಬೇಕು. ಕತ್ತರಿಸಿದ ತಗಡಿನ ಅಂಚು ಬಹಳ ಹರಿತ.

ತೆರೆದ ನಂತರ ಮೊದಲು ನೋಡಬೇಕಾದದ್ದು ಮಡಿಕೆಗಳನ್ನು. ಚೆನ್ನಾಗಿ ತಾಳಿಕೊಂಡ ಫಿಲ್ಟರಿನಲ್ಲಿ ಅವು ಸಮ ಅಂತರದಲ್ಲಿ ನೆಟ್ಟಗಿರುತ್ತವೆ. ಒಂದೆಡೆ ಒತ್ತೊತ್ತಾಗಿ ಸೇರಿ ಇನ್ನೊಂದೆಡೆ ಅಗಲವಾಗಿ ಬಾಯಿ ಬಿಟ್ಟಿದ್ದರೆ ಆ ಅಗಲವಾದ ಕಡೆ ಕಾಗದ ಹರಿಯುವ ಸಂಭವ ಹೆಚ್ಚು. ಕಾಗದದ ಎರಡು ತುದಿಗಳನ್ನು ಸೇರಿಸಿದ ಜೋಡಣೆ ಮತ್ತು ಮೇಲೆ ಕೆಳಗೆ ಅಂಟಿಸಿದ ಮುಚ್ಚಳಗಳ ಅಂಚನ್ನು ಬೆರಳಿನಿಂದ ಮೆಲ್ಲನೆ ಬಿಡಿಸಿ ನೋಡಬೇಕು. ಅಲ್ಲಿ ಅಂಟು ಬಿಟ್ಟಿದ್ದರೆ ತೈಲವು ಕಾಗದವನ್ನು ದಾಟದೆ ಆ ಸಂದಿನಿಂದಲೇ ಹರಿದಿದೆ ಎಂದರ್ಥ. ಅಂತಹ ಫಿಲ್ಟರ್ ಇದ್ದರೂ ಇಲ್ಲದಂತೆಯೇ. ಮುಚ್ಚಳ ಲೋಹದ್ದಾಗಿರದೆ ರಟ್ಟಿನಂತಿದೆ ಎಂಬ ಒಂದೇ ಕಾರಣಕ್ಕೆ ನಕಲಿ ಎನ್ನುವಂತಿಲ್ಲ, ಕೆಲವು ಅಸಲಿ ತಯಾರಕರೂ ಅದನ್ನು ಬಳಸುತ್ತಾರೆ.

ನಡುವಿನ ಕೊಳವೆ ಒಳಕ್ಕೆ ಕುಗ್ಗಿದ್ದರೆ ವಿಷಯ ಗಂಭೀರ. ಫಿಲ್ಟರ್ ಪೂರ್ತಿ ಕಟ್ಟಿಕೊಂಡ ಮೇಲೂ ಬದಲಾಯಿಸದೆ ಓಡಿಸಲಾಗಿದೆ, ಇಲ್ಲವೇ ಬೈಪಾಸ್ ವಾಲ್ವ್ ತೆರೆದಿಲ್ಲ. ರಬ್ಬರ್ ಬಿಲ್ಲೆಯನ್ನು ಬಗ್ಗಿಸಿ ನೋಡಿದರೆ ಮೆತ್ತಗಿರಬೇಕು. ಕಪ್ಪು ನೈಟ್ರೈಲ್ ರಬ್ಬರ್ ಬಿಸಿಗೆ ಕ್ರಮೇಣ ಗಡುಸಾಗಿ ತನ್ನ ಹಿಡಿತ ಕಳೆದುಕೊಳ್ಳುತ್ತದೆ; ಸಿಲಿಕಾನ್ ಇದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಬಿಲ್ಲೆ ಗಡುಸಾಗಿರುವುದನ್ನು ಫಿಲ್ಟರ್ ಬಿಚ್ಚುವ ಮೊದಲೇ ಅರಿಯಬಲ್ಲವರು ಚಾಲಕಿಯರು. ಬೆಳಿಗ್ಗೆ ಇಂಜಿನ್ ಚಾಲೂ ಮಾಡಿದಾಗ ತೈಲದ ಕೆಂಪು ದೀಪ ಆರಲು ಹಿಂದಿಗಿಂತ ತಡವಾಗುತ್ತದೆ, ಕೆಲವು ಕ್ಷಣ ಕಟಕಟ ಸದ್ದು ಬರುತ್ತದೆ. ‘ಹಳೇ ಗಾಡಿ, ಹಾಗೇ ಇರುತ್ತದೆ’ ಎಂದು ಅವರ ಮಾತನ್ನು ತಳ್ಳಿಹಾಕದೆ ಲಾಗ್ ಪುಸ್ತಕದಲ್ಲಿ ಬರೆಸಿಕೊಳ್ಳತಕ್ಕದ್ದು.

ಬಳಿಕ ಕಾಗದದ ಒಂದು ಪಟ್ಟಿಯನ್ನು ಕತ್ತರಿಸಿ, ತೈಲ ಹಿಂಡಿ, ಬಿಸಿಲಿನಲ್ಲಿ ಹಿಡಿದು ನೋಡಬೇಕು. ಕಪ್ಪು ಜಿಡ್ಡು ಮಸಿಯದ್ದು, ಅದು ಸಹಜ. ಹಾಲು ಬೆರೆಸಿದಂತಹ ಕಂದು ಲೋಳೆ ಇದ್ದರೆ ತೈಲಕ್ಕೆ ನೀರು ಸೇರಿದೆ. ಮಿನುಗುವ ಚೂರುಗಳಿದ್ದರೆ ಆಯಸ್ಕಾಂತವನ್ನು ಕಾಗದದ ಹಿಂಬದಿಯಲ್ಲಿ ಓಡಿಸಿ ನೋಡಬಹುದು: ಜೊತೆಗೆ ಚಲಿಸುವುದು ಕಬ್ಬಿಣ, ಚಲಿಸದೆ ಹೊಳೆಯುವುದು ಬಹುಮಟ್ಟಿಗೆ ಅಲ್ಯೂಮಿನಿಯಂ ಅಥವಾ ಬೇರಿಂಗಿನ ಲೋಹ. ಹೊಸ ವಾಹನದ ಮೊದಲ ಸರ್ವಿಸಿನಲ್ಲಿ ನುಣುಪಾದ ಮಿನುಗು ಸ್ವಲ್ಪ ಕಂಡರೆ ಆತಂಕವಿಲ್ಲ. ಆದರೆ ಬೆರಳಿಗೆ ತಾಗುವಷ್ಟು ದೊಡ್ಡ ಚೂರುಗಳು ಸಿಕ್ಕಿದರೆ ವಾಹನವನ್ನು ಅಂದೇ ನಿಲ್ಲಿಸಿ ಪರೀಕ್ಷಿಸಬೇಕು. ಅಲ್ಲಿ ದೋಷ ಫಿಲ್ಟರಿನದ್ದಲ್ಲ; ಫಿಲ್ಟರ್ ದೋಷವನ್ನು ಹಿಡಿದುಕೊಟ್ಟಿದೆ.

ಈ ಪರಿಶೀಲನೆಗೂ ಒಂದು ಮಿತಿಯಿದೆ. ಕಾಗದ ಹರಿದಿಲ್ಲ, ಅಂಟು ಬಿಟ್ಟಿಲ್ಲ, ರಬ್ಬರ್ ಮೆತ್ತಗಿದೆ ಎಂಬುದನ್ನಷ್ಟೇ ಕಣ್ಣು ಹೇಳಬಲ್ಲದು. ಎಷ್ಟು ಸೂಕ್ಷ್ಮವಾಗಿ ಸೋಸುತ್ತದೆ ಎಂಬುದನ್ನು ಐಎಸ್‌ಒ 4548 ಮಾನದಂಡದ ಪ್ರಯೋಗಾಲಯ ಪರೀಕ್ಷೆಗಳಷ್ಟೇ ತಿಳಿಸುತ್ತವೆ. ಪಂಚಾಯತಿಗೆ ಇರುವ ದಾರಿಯೆಂದರೆ ವಾಹನ ತಯಾರಕರು ಸೂಚಿಸಿದ ಸಂಖ್ಯೆಯ ಫಿಲ್ಟರನ್ನೇ ಅಧಿಕೃತ ಮಾರಾಟಗಾರರಿಂದ ಬಿಲ್ಲು ಸಹಿತ ಕೊಳ್ಳುವುದು.

ಬದಲಾವಣೆಯ ಅವಧಿಯ ವಿಷಯದಲ್ಲಿ ಕಿಲೋಮೀಟರನ್ನು ಮಾತ್ರ ನಂಬುವಂತಿಲ್ಲ. ಕಸದ ವಾಹನವು ಮನೆಯಿಂದ ಮನೆಗೆ ನಿಂತು ನಿಂತು, ಬಹಳ ಹೊತ್ತು ಇಂಜಿನ್ ಚಾಲೂ ಇರುವಂತೆಯೇ ಸಾಗುತ್ತದೆ. ಮೀಟರಿನಲ್ಲಿ ಓಟ ಕಡಿಮೆ, ಇಂಜಿನ್ ದುಡಿದ ಗಂಟೆಗಳು ಹೆಚ್ಚು. ತಯಾರಕರ ಕೈಪಿಡಿಯಲ್ಲಿ ಕಠಿಣ ಬಳಕೆಗೆ ಪ್ರತ್ಯೇಕ ಅವಧಿ ನೀಡಿದ್ದಲ್ಲಿ ಅದನ್ನೇ ಅನುಸರಿಸತಕ್ಕದ್ದು. ಕಿಲೋಮೀಟರ್ ಇಲ್ಲವೇ ತಿಂಗಳು, ಯಾವುದು ಮೊದಲೋ ಅದು.

ಬಳಸಿದ ತೈಲವು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಒಳಪಡುತ್ತದೆ. ಅದನ್ನು ಚರಂಡಿಗೆ ಸುರಿಯುವುದಾಗಲಿ, ಫಿಲ್ಟರನ್ನು ಪಂಚಾಯತಿಯದೇ ಒಣಕಸದ ಘಟಕಕ್ಕೆ ಎಸೆಯುವುದಾಗಲಿ ಕೂಡದು. ಅಧಿಕೃತ ಸಂಗ್ರಾಹಕರಿಗೇ ತಲುಪಿಸಬೇಕು.

ಹಳೆಯ ಫಿಲ್ಟರನ್ನು ಕಳಚಿದ ಕ್ಷಣವೇ ನೋಡಲು ಇನ್ನೂ ಒಂದು ಕಾರಣವಿದೆ. ಅದರ ಬಾಯಂಚಿನ ರಬ್ಬರ್ ವಾಷರ್ ಡಬ್ಬಿಯೊಡನೆ ಬಂದಿದೆಯೇ ಎಂದು ಪರೀಕ್ಷಿಸಬೇಕು. ಬಾರದಿದ್ದರೆ ಅದು ಇಂಜಿನ್ನಿಗೆ ಅಂಟಿಕೊಂಡೇ ಇದೆ. ಅದರ ಮೇಲೆ ಹೊಸ ಫಿಲ್ಟರ್ ಬಿಗಿದರೆ ಎರಡು ವಾಷರುಗಳ ನಡುವಿನಿಂದ ತೈಲ ಚಿಮ್ಮಿ, ವಾಹನ ಮುಂದಿನ ಊರು ತಲುಪುವುದರೊಳಗೆ ಇಂಜಿನ್ ಬರಿದಾಗಬಹುದು. ಹೊಸದನ್ನು ಕೂರಿಸಿದ ಮೇಲೆ ಎರಡು ನಿಮಿಷ ಇಂಜಿನ್ ಓಡಿಸಿ, ಕೆಳಗೆ ಬಗ್ಗಿ ಸೋರಿಕೆ ನೋಡಿ, ನಿಲ್ಲಿಸಿ, ತೈಲದ ಮಟ್ಟವನ್ನು ಮತ್ತೊಮ್ಮೆ ಅಳೆದ ನಂತರವೇ ಚಾಲಕಿಯು ಲಾಗ್ ಪುಸ್ತಕಕ್ಕೆ ಸಹಿ ಹಾಕತಕ್ಕದ್ದು.